ಹೆಣ್ಣಿಲಿಯ ಹಿಕ್ಕೆಯಲ್ಲಿ ಒತ್ತಡದ ಲೆಕ್ಕ: ನನ್ನ ಅನುಭವ

ಹೆಣ್ಣಿಲಿಯ ಒತ್ತಡದ ಪ್ರತಿಕ್ರಿಯೆ ಬೆದೆಚಕ್ರದ ಯಾವ ಹಂತದಲ್ಲಿ ಎಷ್ಟು ಏರುತ್ತದೆ ಎಂಬುದನ್ನು ಒಂದು ತೊಟ್ಟು ರಕ್ತವನ್ನೂ ತೆಗೆಯದೆ, ಬರಿಯ ಹಿಕ್ಕೆಯಿಂದಲೇ ಅಳೆಯಬಹುದು ಎಂದು ನಾನು ಹೇಳಿದಾಗ ನಮ್ಮ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿತ್ತು. ಬೆದೆಗೆ ತುಸು ಮೊದಲಿನ ಪ್ರೊಈಸ್ಟ್ರಸ್ ಹಂತ ಇರುವುದೇ ಹನ್ನೆರಡು ಹದಿನಾಲ್ಕು ಗಂಟೆ. ರಕ್ತದಲ್ಲಿ ಏರಿದ ಒತ್ತಡದ ಹಾರ್ಮೋನು, ಅಂದರೆ ಕಾರ್ಟಿಕೊಸ್ಟೆರೋನ್, ಯಕೃತ್ತಿನಲ್ಲಿ ಒಡೆದು, ಕರುಳು ದಾಟಿ, ಹಿಕ್ಕೆಯಲ್ಲಿ ಕಾಣಿಸಿಕೊಳ್ಳಲು ಅರ್ಧ ದಿನದ ಆಸುಪಾಸು ಬೇಕು. ಅಷ್ಟರಲ್ಲಿ ಪ್ರಾಣಿ ಮುಂದಿನ ಹಂತಕ್ಕೆ ಹೋಗಿರುತ್ತದೆಯಾದ್ದರಿಂದ ಎಲ್ಲವೂ ಒಂದರೊಳಗೊಂದು ಬೆರೆತು ಏನೂ ತಿಳಿಯದು ಎಂಬುದು ಅವರ ವಾದವಾಗಿತ್ತು. ಈಗ ಮೂರನೆಯ ತಂಡದ ಇಲಿಗಳಲ್ಲೂ ಹಂತಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ಬಂದಿರುವುದರಿಂದ, ಹೇಗೆ ಮಾಡಿದೆವು, ಎಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು ಎಂಬುದನ್ನು ಇದೇ ಕೆಲಸದಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ಸಿದ್ಧಾಂತ ನಿಮಗೆಲ್ಲ ಗೊತ್ತಿರುವುದೇ. ಪ್ರೊಈಸ್ಟ್ರಸ್‌ನಲ್ಲಿರುವ ಹೆಣ್ಣಿಲಿ ಬಂಧನದ (ಇಕ್ಕಟ್ಟಿನ ಕೊಳವೆಯಲ್ಲಿ ಕೂಡಿಹಾಕುವ) ಒತ್ತಡಕ್ಕೆ ಉಳಿದ ಹಂತಗಳಿಗಿಂತ ಜೋರಾಗಿ ಪ್ರತಿಕ್ರಿಯಿಸುತ್ತದೆ ಎಂದು ಸಂಶೋಧಕರಾದ ವಿಯಾವ್ ಮತ್ತು ಮೀನಿ 1991ರಲ್ಲೇ ರಕ್ತದ ಮಾದರಿಗಳಿಂದ ತೋರಿಸಿದ್ದರು. ಗಂಡಿನಲ್ಲಿ ಇದಕ್ಕೆ ತದ್ವಿರುದ್ಧ: ಟೆಸ್ಟೊಸ್ಟೆರೋನ್ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ, ವೃಷಣ ತೆಗೆದರೆ ಏರುತ್ತದೆ. ಇಷ್ಟು ತಿಳಿದಿದ್ದರೂ ನಮ್ಮ ಪ್ರಯೋಗಾಲಯಗಳಲ್ಲಿ ಒತ್ತಡದ ಕೆಲಸವೆಂದರೆ ಗಂಡಿಲಿಯದೇ. ಹೆಣ್ಣಿನ ಚಕ್ರದಿಂದ ಅಂಕಿಗಳು ಚದುರಿಹೋಗುತ್ತವೆ ಎಂಬ ಭಯ ಅದಕ್ಕೆ ಕಾರಣ. 2011ರಲ್ಲಿ ಬೀರಿ ಮತ್ತು ಝುಕರ್ ಲೆಕ್ಕ ಹಾಕಿದಾಗ ನರವಿಜ್ಞಾನದಲ್ಲಿ ಹೆಣ್ಣು ಪ್ರಾಣಿಗಳಲ್ಲಷ್ಟೇ ಮಾಡಿದ ಒಂದು ಅಧ್ಯಯನಕ್ಕೆ ಗಂಡಿನಲ್ಲಷ್ಟೇ ಮಾಡಿದವು ಐದೂವರೆ ಇದ್ದವು. 2014ರಲ್ಲಿ ಪ್ರೆಂಡರ್‌ಗಾಸ್ಟ್ ಮತ್ತು ಸಂಗಡಿಗರು 293 ಲೇಖನಗಳನ್ನು ಜಾಲಾಡಿ, ಚಕ್ರವನ್ನು ಗಮನಿಸದೆ ಬಳಸಿದರೂ ಹೆಣ್ಣು ಚಿಟ್ಟಿಲಿಗಳ (ಮೌಸ್) ಅಂಕಿಗಳು ಗಂಡಿನವುಗಳಿಗಿಂತ ಹೆಚ್ಚೇನೂ ಚದುರುವುದಿಲ್ಲ ಎಂದು ತೋರಿಸಿದ ಮೇಲೂ ಆ ಭಯ ಹೋಗಿಲ್ಲ. ಅನುದಾನದ ಸಂದರ್ಶನದಲ್ಲಿ ಹಿರಿಯರೊಬ್ಬರು ನನ್ನ ಕಡತವನ್ನು ಮಡಚಿಟ್ಟು, “ಮೇಡಂ, ಸುಮ್ಮನೆ ಗಂಡಿಲಿ ತಗೊಳ್ಳಿ, ಆರು ತಿಂಗಳಲ್ಲಿ ಪೇಪರ್ ಆಗುತ್ತದೆ” ಎಂದರು. ಕೊನೆಗೆ ಕೇಳಿದ ಹಣದ ಮೂರನೆಯ ಒಂದು ಭಾಗ, ಸುಮಾರು ಎರಡು ಲಕ್ಷ ರೂಪಾಯಿ ಸಿಕ್ಕಿತು. ಉಳಿದದ್ದನ್ನು ವಿಭಾಗದ ರಾಸಾಯನಿಕಗಳ ಬಾಬ್ತಿನಿಂದ ಅಷ್ಟಷ್ಟೇ ಹೊಂದಿಸಿಕೊಂಡೆವು.

ರಕ್ತವನ್ನೇ ಏಕೆ ಬಳಸಲಿಲ್ಲ ಎಂದು ಹಲವರು ಕೇಳುತ್ತಾರೆ. ಪಂಜರಕ್ಕೆ ಕೈ ಹಾಕಿದ ಮೂರು ನಿಮಿಷದೊಳಗೆ ಬಾಲದಿಂದ ರಕ್ತ ತೆಗೆಯದಿದ್ದರೆ ನೀವು ಅಳೆಯುವುದು ನಿಮ್ಮ ಕೈಯ ಒತ್ತಡವನ್ನೇ ಹೊರತು ಪ್ರಯೋಗದ ಒತ್ತಡವನ್ನಲ್ಲ. ಒಂದೇ ಪ್ರಾಣಿಯಿಂದ ಚಕ್ರದುದ್ದಕ್ಕೂ ದಿನಕ್ಕೆ ಹಲವು ಬಾರಿ ರಕ್ತ ತೆಗೆಯಲು ಪ್ರಾಣಿ ನೈತಿಕತಾ ಸಮಿತಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ರಕ್ತದಲ್ಲಿ ಕಾರ್ಟಿಕೊಸ್ಟೆರೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ಹೆಣ್ಣಿಲಿಯಲ್ಲಿ ಗಂಡಿಗಿಂತ ಹೆಚ್ಚು, ಹೆಣ್ಣು ಹಾರ್ಮೋನಾದ ಎಸ್ಟ್ರೊಜೆನ್ ಅದನ್ನು ಮತ್ತಷ್ಟು ಏರಿಸುತ್ತದೆ. ಹೀಗಿರುವಾಗ ರಕ್ತದ ಒಟ್ಟು ಅಂಕಿ ದೊಡ್ಡದಾದರೆ ಈ ಹಾರ್ಮೋನನ್ನು ತಯಾರಿಸುವ ಅಡ್ರಿನಲ್ ಗ್ರಂಥಿ ಹೆಚ್ಚು ಸ್ರವಿಸಿತೋ, ಸ್ರವಿಸಿದ್ದು ಹೆಚ್ಚು ಹೊತ್ತು ರಕ್ತದಲ್ಲೇ ಉಳಿಯಿತೋ ಹೇಳುವುದು ಕಷ್ಟ. ಹಿಕ್ಕೆಯಲ್ಲಿರುವುದು ದೇಹ ಬಳಸಿ ಹೊರಹಾಕಿದ ಭಾಗ, ಅದೂ ಕೆಲವು ಗಂಟೆಗಳ ಮೊತ್ತ. ಹಳೆಯ ತಲೆಮಾರಿನವರಂತೆ ಕೊನೆಯಲ್ಲಿ ಅಡ್ರಿನಲ್ ತೂಗಿ ತೀರ್ಮಾನಕ್ಕೆ ಬರುವುದಕ್ಕಿಂತ ಇದು ಸೂಕ್ಷ್ಮವಾದದ್ದು, ಜೊತೆಗೆ ಪ್ರಾಣಿ ಬದುಕಿರುತ್ತದೆ.

ಮೊದಲ ತಂಡ ಹಾಳಾದದ್ದು ದೀಪದಿಂದ. ನಮ್ಮ ಪ್ರಾಣಿಗೃಹದಲ್ಲಿ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಕೊಡುತ್ತಿದ್ದದ್ದು ಗೋಡೆಗೆ ಜಡಿದ ಹಳೆಯ ಮೆಕ್ಯಾನಿಕಲ್ ಟೈಮರ್. ಕರೆಂಟು ಹೋದಾಗ ಅದರ ಚಕ್ರವೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ದಿನಕ್ಕೆ ಎರಡು ಗಂಟೆ ಕರೆಂಟು ತೆಗೆಯುವ ಊರಿನಲ್ಲಿ ಆರು ದಿನ ಕಳೆದರೆ ಇಲಿಗಳ ಹಗಲು ರಾತ್ರಿ ಅದಲುಬದಲಾಗಿರುತ್ತದೆ. ದೂರು ಕೊಟ್ಟಾಗ ರಿಪೇರಿಗೆ ಬಂದವರು ಟೈಮರನ್ನೇ ತಪ್ಪಿಸಿ ದೀಪವನ್ನು ನೇರ ಲೈನಿಗೆ ಜೋಡಿಸಿ ಹೋದರು. ರಾತ್ರಿ ಅಲ್ಲಿ ಯಾರೂ ಇರುವುದಿಲ್ಲ, ಬೆಳಿಗ್ಗೆ ಬಂದವರಿಗೆ ದೀಪ ಉರಿಯುತ್ತಿರುವುದು ಸಹಜವಾಗಿಯೇ ಕಾಣುತ್ತದೆ. ಇಲಿ ಯಾವ ಹಂತದಲ್ಲಿದೆ ಎಂದು ತಿಳಿಯಲು ಯೋನಿದ್ರವದ ಲೇಪವನ್ನು (ಸ್ಮಿಯರ್) ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಕೆಲವು ವಾರಗಳಲ್ಲಿ ಆ ಸ್ಲೈಡಿನ ಮೇಲೆ ದಿನವೂ ಒಂದೇ ನೋಟ: ಕೋಶಕೇಂದ್ರವಿಲ್ಲದ ಚಪ್ಪಟೆ ಕೋಶಗಳು, ಮತ್ತೆ ಅವೇ ಕೋಶಗಳು. ಸತತ ಬೆಳಕಿನಲ್ಲಿಟ್ಟರೆ ಹೆಣ್ಣಿಲಿ ಅಂಡ ಬಿಡುಗಡೆ ಮಾಡದೆ ನಿರಂತರ ಈಸ್ಟ್ರಸ್‌ನಲ್ಲೇ (ಬೆದೆಯಲ್ಲೇ) ನಿಂತುಬಿಡುತ್ತದೆ ಎಂದು ನಾವು ಎಂ.ಎಸ್ಸಿ. ತರಗತಿಯಲ್ಲಿ ಪಾಠ ಮಾಡುವುದನ್ನು ನಮ್ಮ ಇಲಿಗಳು ಚಾಚೂ ತಪ್ಪದೆ ಮಾಡಿ ತೋರಿಸಿದವು. ಇಪ್ಪತ್ತನಾಲ್ಕು ವಿಸ್ಟಾರ್ ತಳಿಯ ಹೆಣ್ಣುಗಳು, ಆಹಾರ, ಸ್ಮಿಯರ್ ಸಾಮಗ್ರಿ ಸೇರಿ ಇಪ್ಪತ್ತು ಸಾವಿರದ ಮೇಲೆ ಹೋಯಿತು. ಬ್ಯಾಟರಿ ಇರುವ ಡಿಜಿಟಲ್ ಟೈಮರಿಗೆ ಹದಿನೈದು ನೂರು ರೂಪಾಯಿ ಸಾಕಾಗಿತ್ತು. ಅದನ್ನು ಈಗ ಬೀಗವಿರುವ ಪೆಟ್ಟಿಗೆಯಲ್ಲಿಟ್ಟಿದ್ದೇವೆ.

ಎರಡನೆಯ ತಂಡದಲ್ಲಿ ದೀಪ ಸರಿಯಾಗಿತ್ತು, ಚಕ್ರ ಸರಿಯಿರಲಿಲ್ಲ. ನಾಲ್ಕೈದು ದಿನಕ್ಕೊಮ್ಮೆ ತಿರುಗಬೇಕಾದದ್ದು ಕೆಲವದರಲ್ಲಿ ಆರೇಳು ದಿನಕ್ಕೆ ಎಳೆಯಿತು, ಕೆಲವದರಲ್ಲಿ ಬೆದೆಯಿಲ್ಲದ ಬಿಡುವಿನ ಹಂತವಾದ ಡೈಈಸ್ಟ್ರಸ್‌ನಲ್ಲೇ ಕೂತಿತು. ನನ್ನ ಅನುಮಾನ ಮೊದಲು ಹಾಸಿನ ಮೇಲೆ ಬಿತ್ತು. ಆ ವರ್ಷ ಪ್ರಾಣಿಗೃಹಕ್ಕೆ ಮೆಕ್ಕೆಜೋಳದ ದಿಂಡಿನ ಪುಡಿ ಬಂದಿತ್ತು. ನೋಡಲು ಚೆಂದ, ವಾಸನೆ ಕಡಿಮೆ, ದೂಳಿಲ್ಲ. ಆದರೆ ದಿಂಡಿನಲ್ಲಿರುವ ಕೆಲವು ಸಂಯುಕ್ತಗಳು ಇಲಿಗಳ ಚಕ್ರವನ್ನೇ ಕೆಡಿಸುತ್ತವೆ ಎಂದು ಹೂಸ್ಟನ್ನಿನ ಮಾರ್ಕವೆರಿಚ್ ತಂಡ 2002ರಲ್ಲೇ ವರದಿ ಮಾಡಿತ್ತು. ನಾನು ಎಲ್ಲವನ್ನೂ ತೆಗೆಸಿ ಹಳೆಯ ಪದ್ಧತಿಯ ಭತ್ತದ ಹೊಟ್ಟಿಗೆ ಮರಳಿದೆ. ಅಕ್ಕಿ ಗಿರಣಿಯಿಂದ ಗೋಣಿಚೀಲಕ್ಕೆ ಮೂವತ್ತು ನಲವತ್ತು ರೂಪಾಯಿಗೆ ಸಿಗುತ್ತದೆ, ಆಟೊಕ್ಲೇವ್ ಮಾಡಿ ಒಣಗಿಸಿದರೆ ಆಯಿತು. ದಿಂಡಿನ ಪುಡಿ ಅದರ ಹತ್ತುಪಟ್ಟು ದುಬಾರಿ. ಎರಡು ಮೂರು ವಾರಗಳಲ್ಲಿ ಮುಕ್ಕಾಲು ಪಾಲು ಇಲಿಗಳು ಸರಿಯಾದ ಚಕ್ರಕ್ಕೆ ಬಂದವು. ಆಹಾರದ ಉಂಡೆಯಲ್ಲಿ ಸೋಯಾ ಇದ್ದರೆ ಅದರ ಸಸ್ಯಜನ್ಯ ಎಸ್ಟ್ರೊಜೆನ್‌ಗಳೂ ಲೆಕ್ಕಕ್ಕೆ ಬರುತ್ತವೆ. ಸೋಯಾ ಇಲ್ಲದ ಉಂಡೆ ನಮ್ಮ ಕೈಗೆಟುಕುವ ಬೆಲೆಗೆ ಸಿಗದ ಕಾರಣ, ಇಡೀ ಪ್ರಯೋಗಕ್ಕೆ ಸಾಲುವಷ್ಟನ್ನು ಒಂದೇ ಬ್ಯಾಚಿನದಾಗಿ ಒಟ್ಟಿಗೆ ಖರೀದಿಸಿ, ಎಲ್ಲ ಪ್ರಾಣಿಗಳಿಗೂ ಒಂದೇ ಪ್ರಮಾಣದ ಸೋಯಾ ಸಿಗುವಂತೆ ನೋಡಿಕೊಂಡೆವು.

ಉಳಿದ ಕಾಲು ಪಾಲಿನ ಸಮಸ್ಯೆ ಸ್ಮಿಯರ್ ತೆಗೆಯುವ ಕೈಯಲ್ಲಿತ್ತು. ಹತ್ತಿಯ ಕಡ್ಡಿಯಿಂದ ದಿನವೂ ತೆಗೆದರೆ ಗರ್ಭಕಂಠಕ್ಕೆ ತಾಗಿ ಹೆಣ್ಣಿಲಿಗೆ ಮಿಲನವಾದಂತೆಯೇ ಭಾಸವಾಗಿ ಸುಳ್ಳುಗರ್ಭ ನಿಲ್ಲುತ್ತದೆ, ಮುಂದಿನ ಹನ್ನೆರಡು ಹದಿಮೂರು ದಿನ ಸ್ಲೈಡಿನಲ್ಲಿ ಬಿಳಿ ರಕ್ತಕಣಗಳ ಹೊರತು ಏನೂ ಕಾಣದು. ಆದ್ದರಿಂದ ಕಡ್ಡಿಯನ್ನು ಬಿಟ್ಟು ಪಿಪೆಟ್ ಹಿಡಿದೆವು: ಇಪ್ಪತ್ತು ಮೈಕ್ರೊಲೀಟರ್ ಉಗುರುಬೆಚ್ಚನೆಯ ಸಲೈನ್, ಪಿಪೆಟ್ಟಿನ ತುದಿ ಯೋನಿಯ ಬಾಯಿಯಲ್ಲಷ್ಟೇ, ಎರಡು ಸಲ ಒತ್ತಿ ಹಿಂದಕ್ಕೆ. ತುದಿಯನ್ನು ಯಾವ ಕೋನದಲ್ಲಿ ಹಿಡಿಯಬೇಕು, ಅದಕ್ಕೂ ಮೊದಲು ಇಲಿಯನ್ನು ಹೇಗೆ ಎತ್ತಿಕೊಂಡರೆ ಅದು ತಾನಾಗಿ ಬಾಲ ಪಕ್ಕಕ್ಕೆ ಸರಿಸುತ್ತದೆ ಎಂಬುದು ನಮ್ಮ ವಿದ್ಯಾರ್ಥಿನಿಯೊಬ್ಬಳು ಕಂಡುಕೊಂಡ ಉಪಾಯ. ಅದನ್ನು ಬರೆದು ಹೇಳಿದರೆ ಅರ್ಧಂಬರ್ಧ ಕಲಿತು ಪ್ರಾಣಿಗೆ ನೋವು ಮಾಡುವವರೇ ಹೆಚ್ಚಾದ್ದರಿಂದ ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇವೆ. ಬಣ್ಣ ಹಾಕದೆ, ಹಸಿಯಾಗಿಯೇ ಹತ್ತರ ಮಸೂರದಲ್ಲಿ ನೋಡುವುದು ಸಾಕು. ಪ್ರೊಈಸ್ಟ್ರಸ್‌ನ ದುಂಡನೆಯ, ಕೋಶಕೇಂದ್ರವಿರುವ ಕೋಶಗಳು ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿರುತ್ತವೆ. ಅವು ಒಂದೊಂದಾಗಿ ಬಿಡಿಬಿಡಿಯಾಗಿ, ಅಂಚು ಮಡಚಿಕೊಂಡು ಕಾಣತೊಡಗಿದರೆ ನೀವು ತಡವಾಗಿ ಬಂದಿದ್ದೀರಿ ಎಂದರ್ಥ. ಬೆಳಿಗ್ಗೆ ಏಳರಿಂದ ಎಂಟರೊಳಗೆ ಸ್ಮಿಯರ್ ಮುಗಿಯಲೇಬೇಕು ಎಂಬ ನಿಯಮ ಇದರಿಂದಲೇ ಬಂತು.

ಹಿಕ್ಕೆ ಕೂಡಿಸುವುದು ಎಲ್ಲರೂ ಸುಲಭವೆಂದು ಭಾವಿಸುವ, ಆದರೆ ನಮ್ಮ ಹೆಚ್ಚಿನ ದುಡಿಮೆಯನ್ನು ತಿಂದುಹಾಕಿದ ಕೆಲಸ. ಇಲಿ ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತದೆ, ತಿಂದದ್ದರಲ್ಲಿನ ಸ್ಟೀರಾಯ್ಡು ಮತ್ತೆ ಒಳಗೆ ಹೋಗುತ್ತದೆ, ಹೋಗದಿದ್ದರೂ ನಿಮಗೆ ಸಿಗಬೇಕಾದ ಮಾದರಿಯಂತೂ ಕಡಿಮೆಯಾಗುತ್ತದೆ. ಹಿಕ್ಕೆ ಮತ್ತು ಮೂತ್ರವನ್ನು ಬೇರೆಬೇರೆಯಾಗಿ ಕೂಡಿಸುವ ಮೆಟಬಾಲಿಕ್ ಪಂಜರ ಒಂದಕ್ಕೆ ಮೂವತ್ತು ಸಾವಿರದ ಮೇಲೆ ಕೇಳಿದರು. ನಾವು ಮಾಮೂಲಿ ಪಾಲಿಪ್ರೊಪಿಲೀನ್ ಪಂಜರದ ತಳವನ್ನು ಕತ್ತರಿಸಿ ಸ್ಟೀಲ್ ಜಾಲರಿ ಕೂರಿಸಿದೆವು, ಅದರ ಕೆಳಗೆ ಓರೆಯಾಗಿ ಇನ್ನೊಂದು ನವಿರಾದ ಜಾಲರಿ, ಅದಕ್ಕೂ ಕೆಳಗೆ ಮೂತ್ರ ಹೀರುವ ಕಾಗದ. ಹಿಕ್ಕೆ ಓರೆ ಜಾಲರಿಯ ಮೇಲೆ ಉರುಳಿ ಒಂದು ಮೂಲೆಗೆ ಬಂದು ನಿಲ್ಲುತ್ತದೆ, ಮೂತ್ರ ಕೆಳಗಿಳಿಯುತ್ತದೆ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಪಂಜರಕ್ಕೆ ಒಂಬೈನೂರು ರೂಪಾಯಿಯಂತೆ ಮಾಡಿಸಿದ್ದು. ಓರೆ ಎಷ್ಟು ಡಿಗ್ರಿ ಇರಬೇಕೆಂಬುದಕ್ಕೆ ಹಲವು ಬಾರಿ ಅಂಗಡಿಗೆ ತಿರುಗಬೇಕಾಯಿತು. ಹೆಚ್ಚಾದರೆ ಹಿಕ್ಕೆ ಜಾರಿ ಮೂತ್ರದ ಕಾಗದಕ್ಕೆ ಬೀಳುತ್ತದೆ, ಕಡಿಮೆಯಾದರೆ ಬಿದ್ದಲ್ಲೇ ಅಂಟಿಕೊಳ್ಳುತ್ತದೆ. ಮೂತ್ರ ತಾಗಿ ಒದ್ದೆಯಾದ ಹಿಕ್ಕೆಯನ್ನು ಮುಲಾಜಿಲ್ಲದೆ ಎಸೆಯಬೇಕು, ಏಕೆಂದರೆ ಮೂತ್ರದಲ್ಲಿನ ಸ್ಟೀರಾಯ್ಡು ಅಂಕಿಯನ್ನು ಏರಿಸಿಬಿಡುತ್ತದೆ. ಜಾಲರಿಯ ಮೇಲೆ ನಿಲ್ಲುವುದೂ ಇಲಿಗೆ ಒತ್ತಡವೇ ಆದ್ದರಿಂದ ಪ್ರಯೋಗಕ್ಕೆ ವಾರ ಮೊದಲೇ ಅಲ್ಲಿಗೆ ಒಗ್ಗಿಸಿ, ಮಲಗಲು ಒಂದು ಮೂಲೆಯಲ್ಲಿ ಗಟ್ಟಿ ಹಲಗೆ ಇಟ್ಟೆವು.

ನಾಲ್ಕು ಗಂಟೆಗೊಮ್ಮೆ ಕೂಡಿಸಬೇಕು. ದಿನಕ್ಕೊಂದೇ ಬಾರಿ ಕೂಡಿಸಿದರೆ ಆಕ್ಷೇಪಿಸಿದವರು ಹೇಳಿದ್ದೇ ನಿಜವಾಗುತ್ತದೆ, ಎಲ್ಲ ಹಂತಗಳೂ ಕಲೆತುಹೋಗುತ್ತವೆ. ಕವಿಜೆಲ್ಲಿ ಮತ್ತು ಸಂಗಡಿಗರು 2005ರಲ್ಲಿ ಪದೇ ಪದೇ ಕೂಡಿಸಿದ ಹಿಕ್ಕೆಯಲ್ಲಿ ದಿನದ ಏರಿಳಿತವೂ ಅಂಡಾಶಯದ ಲಯವೂ ಕಾಣುತ್ತದೆ ಎಂದು ತೋರಿಸಿದ್ದು ನನಗೆ ಧೈರ್ಯ ಕೊಟ್ಟಿತ್ತು. ಆದರೆ ಆ ಲಯದ ಮೇಲೆ ಒತ್ತಡದ ಏರಿಕೆಯನ್ನು ಬಿಡಿಸಿ ಓದುವುದು ಬೇರೆಯೇ ಮಾತು. ರಾತ್ರಿ ಹತ್ತು, ಎರಡು, ಬೆಳಗಿನ ಆರು ಗಂಟೆಯ ಪಾಳಿಗಳನ್ನು ವಿದ್ಯಾರ್ಥಿಗಳು ಹಂಚಿಕೊಂಡರು. ಕತ್ತಲೆಯ ಅವಧಿಯಲ್ಲಿ ಮಂದ ಕೆಂಪು ದೀಪವನ್ನಷ್ಟೇ ಬಳಸಿದರು. ಕೂಡಿಸಿದ್ದು ಹದಿನೈದು ನಿಮಿಷದೊಳಗೆ ಮೈನಸ್ 20 ಡಿಗ್ರಿಯ ಫ್ರೀಜರ್ ಸೇರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಕೆಲಸ ಶುರುಮಾಡುತ್ತವೆ. ನಮ್ಮ ಫ್ರೀಜರ್ ಹಳೆಯದು, ಇನ್ವರ್ಟರ್ ಮೇಲೆ ನಿಲ್ಲುವುದಿಲ್ಲ. ಒಳಗೆ ಉಪ್ಪುನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ಸಾಲಾಗಿ ಜೋಡಿಸಿ ಕರೆಂಟು ಹೋದ ನಾಲ್ಕೈದು ಗಂಟೆ ದಾಟಿಸುತ್ತಿದ್ದೆವು.

ಇನ್ನು ಹಣ ಸುರಿದುಹೋದ ಭಾಗಕ್ಕೆ ಬರುತ್ತೇನೆ. ಮೊದಲು ಕೊಂಡದ್ದು ರಕ್ತಸಾರದ ಕಾರ್ಟಿಕೊಸ್ಟೆರೋನ್ ಅಳೆಯುವ ಸಿದ್ಧ ಕಿಟ್, ತೊಂಬತ್ತಾರು ಗುಳಿಯ ಒಂದು ತಟ್ಟೆಗೆ ತೆರಿಗೆ ಸೇರಿ ಅರವತ್ತು ಸಾವಿರದ ಹತ್ತಿರ. ಮಾನದಂಡಗಳಿಗೂ ಖಾಲಿ ಗುಳಿಗಳಿಗೂ ಬಿಟ್ಟು, ಪ್ರತಿಯೊಂದನ್ನೂ ಜೋಡಿಯಾಗಿ ಹಾಕಿದರೆ ಉಳಿಯುವುದು ಮೂವತ್ತೆಂಟು ಮಾದರಿಗಳಿಗೆ ಜಾಗ. ನಮ್ಮಲ್ಲಿದ್ದದ್ದು ಸಾವಿರದ ಮೇಲೆ. ಆ ತಟ್ಟೆಯ ಫಲಿತಾಂಶವೋ ನೇರ ಗೆರೆ: ಒತ್ತಡ ಕೊಟ್ಟದ್ದಕ್ಕೂ ಕೊಡದ್ದಕ್ಕೂ ವ್ಯತ್ಯಾಸವೇ ಇಲ್ಲ. ಮಾರಿದವರನ್ನು ಕೇಳಿದರೆ ನಮ್ಮ ತಂತ್ರಜ್ಞರ ಕೈ ಸರಿಯಿಲ್ಲ ಎಂಬ ಉತ್ತರ ಬಂತು. ಕೈ ಸರಿಯಾಗಿಯೇ ಇತ್ತು. ಇಲಿಯ ಹಿಕ್ಕೆಯಲ್ಲಿ ಮೂಲರೂಪದ ಕಾರ್ಟಿಕೊಸ್ಟೆರೋನ್ ಉಳಿಯುವುದೇ ತೀರ ಅತ್ಯಲ್ಪ, ಇರುವುದೆಲ್ಲ ಅದರ ಒಡೆದ ರೂಪಗಳು. ಕಿಟ್ಟಿನಲ್ಲಿರುವ, ಮೂಲರೂಪವನ್ನೇ ಆರಿಸಿ ಹಿಡಿಯುವ ಪ್ರತಿಕಾಯ (ಆ್ಯಂಟಿಬಾಡಿ) ರಕ್ತಕ್ಕೆ ಎಷ್ಟು ಒಳ್ಳೆಯದೋ ಹಿಕ್ಕೆಗೆ ಅಷ್ಟೇ ನಿಷ್ಪ್ರಯೋಜಕ. ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ರೂಪಿಸಿದ, ಒಡೆದ ರೂಪಗಳ ಒಂದು ಗುಂಪನ್ನೇ ಒಟ್ಟಾಗಿ ಗುರುತಿಸುವ ವಿಧಾನ ಚಿಟ್ಟಿಲಿಗೂ ಇಲಿಗೂ ಹೊಂದುತ್ತದೆ ಎಂದು ಆಗಲೇ ಸಾಬೀತಾಗಿತ್ತು. ಆ ಬಗೆಯ ಪ್ರತಿಕಾಯವನ್ನು ವಿದೇಶದಿಂದ ತರಿಸಿಕೊಂಡೆವು. ಪ್ರತಿಕಾಯದ ಬೆಲೆಗಿಂತ ಡ್ರೈ ಐಸ್ ಹಾಕಿದ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಬಿದ್ದ ಖರ್ಚೇ ಹೆಚ್ಚು. ಒಟ್ಟು ಎಂಬತ್ತು ಸಾವಿರದ ಸುಮಾರು ಆಗಿರಬೇಕು.

ಆ ಎಂಬತ್ತು ಸಾವಿರಕ್ಕೆ ಬಂದ ಪ್ರತಿಕಾಯ ಇನ್ನೂ ಮುಗಿದಿಲ್ಲ. ತಟ್ಟೆಗಳಿಗೆ ನಾವೇ ಲೇಪನ ಮಾಡುತ್ತೇವೆ, ಬಫರ್ ನಾವೇ ಕಲಸುತ್ತೇವೆ, ತೊಳೆಯುವ ಯಂತ್ರವಿಲ್ಲದೆ ಎಂಟು ತುದಿಯ ಪಿಪೆಟ್ಟಿನಲ್ಲೇ ತೊಳೆಯುತ್ತೇವೆ. ಒಂದು ತಟ್ಟೆಗೆ ಈಗ ಎರಡು ಸಾವಿರದೊಳಗೆ ಬೀಳುತ್ತದೆ. ಮಾದರಿಯ ತಯಾರಿ ಎಲ್ಲರಿಗೂ ಗೊತ್ತಿರುವ ಬಗೆಯದೇ: ಅರವತ್ತು ಡಿಗ್ರಿಯಲ್ಲಿ ಒಣಗಿಸಿ, ಒರಳಲ್ಲಿ ಅರೆದು, ಜರಡಿ ಹಿಡಿದು, ನೂರು ಮಿಲಿಗ್ರಾಂ ಪುಡಿಗೆ ಎರಡು ಮಿಲಿಲೀಟರ್ ಶೇಕಡಾ ಎಂಬತ್ತರ ಮೆಥನಾಲ್, ಅಲುಗಾಡಿಸಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆಯುವುದು. ಒಣಗಿಸುವುದಕ್ಕೂ ಅರೆಯುವುದಕ್ಕೂ ನಡುವೆ ನಾವು ಒಂದು ಸಣ್ಣ ಹಂತವನ್ನು ಸೇರಿಸಿದ್ದೇವೆ, ಅದರಿಂದ ಜೋಡಿ ಮಾದರಿಗಳ ನಡುವಿನ ವ್ಯತ್ಯಾಸ ಶೇಕಡಾ ಇಪ್ಪತ್ತರಿಂದ ಎಂಟಕ್ಕೆ ಇಳಿಯಿತು. ಲೇಖನ ಇನ್ನೂ ಪರಿಶೀಲನೆಯಲ್ಲಿ ಇರುವುದರಿಂದ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಂಟು ಎಂಬ ಅಂಕಿಯನ್ನು ದೊಡ್ಡ ಸಂಸ್ಥೆಯೊಂದರಿಂದ ಬಂದ ಮಿತ್ರರು ನಂಬದೆ, ತಾವೇ ತಂದ, ಗುರುತು ಹೇಳದ ಮಾದರಿಗಳನ್ನು ನಮ್ಮ ಕೈಯಿಂದ ಅಳೆಸಿ ನೋಡಿ ಸುಮ್ಮನಾದರು.

ಅಳತೆ ನಿಜವಾಗಿಯೂ ಅಡ್ರಿನಲ್ ಚಟುವಟಿಕೆಯನ್ನೇ ತೋರಿಸುತ್ತಿದೆ ಎಂಬುದಕ್ಕೆ ಅಡ್ರಿನಲನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನು ಕೊಟ್ಟು ಏರಿದ್ದನ್ನೂ ಅದನ್ನು ತಗ್ಗಿಸುವ ಡೆಕ್ಸಾಮೆಥಸೋನ್ ಔಷಧಿ ಕೊಟ್ಟು ಇಳಿದದ್ದನ್ನೂ ನೋಡಿದೆವು. ಇದನ್ನು ಬಿಟ್ಟು ಮುಂದೆ ಹೋದವರ ಅಂಕಿಗಳನ್ನು ನಾನು ನಂಬುವುದಿಲ್ಲ.

ಪ್ರಯೋಗದ ವಿನ್ಯಾಸದಲ್ಲಿ ಎರಡು ತೊಡಕುಗಳಿದ್ದವು. ಒಂದು, ಇಲಿಯ ಕಾರ್ಟಿಕೊಸ್ಟೆರೋನ್ ಒತ್ತಡವಿಲ್ಲದೆಯೂ ಸಂಜೆ ಕತ್ತಲಾಗುವ ಹೊತ್ತಿಗೆ ತಾನಾಗಿ ಏರುತ್ತದೆ, ಪ್ರೊಈಸ್ಟ್ರಸ್‌ನ ಸಂಜೆ ಇನ್ನಷ್ಟು ಏರುತ್ತದೆ. ಬೆಳಿಗ್ಗೆ ಕೊಟ್ಟ ಒತ್ತಡದ ಗುರುತು ರಾತ್ರಿಯ ಹಿಕ್ಕೆಯಲ್ಲಿ ಬರುವಾಗ ಸಂಜೆಯ ಸಹಜ ಏರಿಕೆಯ ಗುರುತೂ ಅದರ ಬೆನ್ನಿಗೇ ಬರುತ್ತದೆ. ಎರಡು, ಒಂದೇ ಪ್ರಾಣಿಯನ್ನು ಮತ್ತೆ ಮತ್ತೆ ಕೊಳವೆಯಲ್ಲಿ ಬಂಧಿಸಿದರೆ ಅದು ಒಗ್ಗಿಹೋಗಿ ಪ್ರತಿಕ್ರಿಯೆ ತಾನಾಗಿ ಕುಗ್ಗುತ್ತದೆ. ಹಾಗಾಗಿ ಪ್ರತಿ ಹೆಣ್ಣಿನಿಂದಲೂ ನಾಲ್ಕು ಬಗೆಯ ದಿನಗಳನ್ನು ಪಡೆದೆವು: ಒತ್ತಡವಿಲ್ಲದ ಪ್ರೊಈಸ್ಟ್ರಸ್, ಒತ್ತಡ ಕೊಟ್ಟ ಪ್ರೊಈಸ್ಟ್ರಸ್, ಒತ್ತಡವಿಲ್ಲದ ಡೈಈಸ್ಟ್ರಸ್, ಒತ್ತಡ ಕೊಟ್ಟ ಡೈಈಸ್ಟ್ರಸ್. ಎರಡು ಬಂಧನಗಳ ನಡುವೆ ಕನಿಷ್ಠ ಎರಡು ಚಕ್ರಗಳ ಬಿಡುವು. ಅರ್ಧದಷ್ಟು ಪ್ರಾಣಿಗಳಿಗೆ ಮೊದಲ ಬಂಧನ ಪ್ರೊಈಸ್ಟ್ರಸ್‌ನಲ್ಲಿ, ಉಳಿದವಕ್ಕೆ ಡೈಈಸ್ಟ್ರಸ್‌ನಲ್ಲಿ. ಬಂಧನ ಬೆಳಿಗ್ಗೆ ಹತ್ತೂವರೆಗೆ, ಮೂವತ್ತು ನಿಮಿಷ. ಒತ್ತಡದ ದಿನದ ಪ್ರತಿ ನಾಲ್ಕು ಗಂಟೆಯ ಮಾದರಿಯಿಂದ ಅದೇ ಪ್ರಾಣಿಯ ಒತ್ತಡವಿಲ್ಲದ ಅದೇ ಹಂತದ ದಿನದ ಅದೇ ಹೊತ್ತಿನ ಮಾದರಿಯನ್ನು ಕಳೆದರೆ ಸಂಜೆಯ ಏರಿಕೆ ತಾನಾಗಿ ಹೋಗುತ್ತದೆ. ಒಂದು ಪ್ರಾಣಿಯನ್ನು ಇನ್ನೊಂದರೊಡನೆ ಹೋಲಿಸದೆ ತನ್ನೊಡನೆಯೇ ಹೋಲಿಸುವ ಈ ಲೆಕ್ಕ ಇಲ್ಲದಿದ್ದರೆ ಇಡೀ ವಿಧಾನ ನಿಲ್ಲುತ್ತಿರಲಿಲ್ಲ. ಸಂಖ್ಯಾಶಾಸ್ತ್ರ ವಿಭಾಗದವರು ಪ್ರಾಣಿಗಳ ಸಂಖ್ಯೆ ತೀರ ಕಡಿಮೆ ಎಂದು ಮೊದಲು ತಲೆಯಾಡಿಸಿದ್ದರು. ಜೋಡಿ ಹೋಲಿಕೆಯ ಕೋಷ್ಟಕ ತೋರಿಸಿದ ಮೇಲೆ, ಹದಿನಾರು ಹೆಣ್ಣುಗಳು ಸಾಕಷ್ಟೇ ಅಲ್ಲ, ಹನ್ನೆರಡೇ ಸಾಕಿತ್ತು ಎಂದು ಅವರೇ ಹೇಳಿದರು.

ಫಲಿತಾಂಶ ಹೀಗಿದೆ. ಡೈಈಸ್ಟ್ರಸ್‌ನಲ್ಲಿ ಬಂಧಿಸಿದಾಗ ರಾತ್ರಿಯ ಮಾದರಿಗಳ ಏರಿಕೆ ಆ ಪ್ರಾಣಿಯ ಸಹಜ ಮಟ್ಟದ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಇತ್ತು. ಪ್ರೊಈಸ್ಟ್ರಸ್‌ನಲ್ಲಿ ಎರಡೂವರೆಯ ಮೇಲೆ, ಕೆಲವದರಲ್ಲಿ ಮೂರರ ಹತ್ತಿರ. ಏರಿದ್ದು ಇಳಿಯಲು ತೆಗೆದುಕೊಂಡ ಸಮಯವೂ ಪ್ರೊಈಸ್ಟ್ರಸ್‌ನಲ್ಲಿ ಒಂದು ಪಾಳಿಯಷ್ಟು ಹೆಚ್ಚು. ಹದಿನಾರರಲ್ಲಿ ಹದಿನಾಲ್ಕು ಪ್ರಾಣಿಗಳು ಒಂದೇ ದಿಕ್ಕಿನಲ್ಲಿ ಹೋದವು. ತಿರುಗಿ ನಿಂತ ಎರಡರ ಸ್ಮಿಯರ್ ಸ್ಲೈಡುಗಳನ್ನು ಮತ್ತೆ ನೋಡಿದಾಗ ಅವು ಆ ಬೆಳಿಗ್ಗೆ ಪ್ರೊಈಸ್ಟ್ರಸ್‌ನ ಕೊನೆ ದಾಟುತ್ತಿದ್ದವು. ಪ್ರೊಈಸ್ಟ್ರಸ್‌ನ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಮುಖ್ಯ ಎಸ್ಟ್ರೊಜೆನ್ ಆದ ಎಸ್ಟ್ರಡಯೋಲ್ ಶಿಖರದಲ್ಲಿರುತ್ತದೆ, ಮಧ್ಯಾಹ್ನದ ನಂತರ ಅಂಡ ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನು ಉಕ್ಕಿ ಪ್ರೊಜೆಸ್ಟೆರೋನ್ ಏರುತ್ತದೆ. ಪ್ರೊಜೆಸ್ಟೆರೋನಿನಿಂದ ಹುಟ್ಟುವ ಅಲೊಪ್ರೆಗ್ನನೊಲೋನ್ ಮಿದುಳಿನಲ್ಲಿ ಗಾಬಾ ಗ್ರಾಹಕಗಳ ಮೂಲಕ ಇದೇ ಪ್ರತಿಕ್ರಿಯೆಯನ್ನು ಶಾಂತಗೊಳಿಸುವ ವಸ್ತು. ಹಾಗಾಗಿ ಬೆಳಿಗ್ಗೆ ಹತ್ತೂವರೆಯ ಬಂಧನಕ್ಕೂ ಸಂಜೆ ಆರರ ಬಂಧನಕ್ಕೂ ಒಂದೇ ಉತ್ತರ ನಿರೀಕ್ಷಿಸುವುದು ತಪ್ಪು. ಪ್ರೊಈಸ್ಟ್ರಸ್ ಎಂದು ಬರೆದು ಗಂಟೆ ಬರೆಯದ ಲೇಖನಗಳನ್ನು ಓದುವಾಗ ನನಗೆ ಕಿರಿಕಿರಿಯಾಗುವುದು ಇದೇ ಕಾರಣಕ್ಕೆ.

ಇದು ಅಂಡಾಶಯದ ಕೆಲಸವೇ ಎಂದು ಖಚಿತಪಡಿಸಿಕೊಳ್ಳಲು ಆರು ಹೆಣ್ಣುಗಳ ಅಂಡಾಶಯ ತೆಗೆದು ನೋಡಿದೆವು. ದಿನದಿಂದ ದಿನಕ್ಕಿದ್ದ ವ್ಯತ್ಯಾಸ ಅಳಿಸಿಹೋಯಿತು, ಚರ್ಮದಡಿ ಎಸ್ಟ್ರಡಯೋಲ್ ತುಂಬಿದ ಸಿಲಾಸ್ಟಿಕ್ ಕೊಳವೆ ಇಟ್ಟಾಗ ಪ್ರತಿಕ್ರಿಯೆ ಮತ್ತೆ ಏರಿತು. ಪಕ್ಕದಲ್ಲೇ ಗಂಡುಗಳ ಒಂದು ಸಣ್ಣ ಗುಂಪನ್ನೂ ಇಟ್ಟುಕೊಂಡೆವು. ವೃಷಣ ತೆಗೆದ ಗಂಡುಗಳಲ್ಲಿ ಬಂಧನದ ಏರಿಕೆ ಹೆಚ್ಚಿತು. ವೃಷಣ ತೆಗೆದು, ಟೆಸ್ಟೊಸ್ಟೆರೋನಿನಿಂದ ಹುಟ್ಟುವ ಡೈಹೈಡ್ರೊಟೆಸ್ಟೊಸ್ಟೆರೋನ್ ಕೊಟ್ಟವುಗಳಲ್ಲಿ ಹೆಚ್ಚಲಿಲ್ಲ. ಅದು ಎಸ್ಟ್ರೊಜೆನ್ನಾಗಿ ಬದಲಾಗಲಾರದು ಎಂಬುದನ್ನು ನೆನಪಿಟ್ಟರೆ ತಗ್ಗಿಸಿದ್ದು ಗಂಡು ಹಾರ್ಮೋನೇ ಎಂದು ತಿಳಿಯುತ್ತದೆ. ಆದರೆ ಗಂಡು ಹೆಣ್ಣುಗಳ ಹಿಕ್ಕೆಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಇದು ಹೆಚ್ಚು ಅದು ಕಡಿಮೆ ಎನ್ನಲು ನಾನು ಸಿದ್ಧಳಿಲ್ಲ. ಯಕೃತ್ತು ಕಾರ್ಟಿಕೊಸ್ಟೆರೋನನ್ನು ಒಡೆಯುವ ರೀತಿಯೂ, ಅದು ಮೂತ್ರ ಮತ್ತು ಹಿಕ್ಕೆಯ ನಡುವೆ ಹಂಚಿಹೋಗುವ ಪ್ರಮಾಣವೂ ಲಿಂಗದಿಂದ ಲಿಂಗಕ್ಕೆ ಬೇರೆ. ಚಿಟ್ಟಿಲಿಯಲ್ಲಿ ಗಂಡು ಸುಮಾರು ಮುಕ್ಕಾಲು ಪಾಲನ್ನು ಹಿಕ್ಕೆಯಲ್ಲಿ ಹೊರಹಾಕಿದರೆ ಹೆಣ್ಣು ಅರ್ಧಕ್ಕಿಂತ ತುಸು ಹೆಚ್ಚನ್ನಷ್ಟೇ ಹೊರಹಾಕುತ್ತದೆ. ಹಿಕ್ಕೆಯನ್ನಷ್ಟೇ ಅಳೆದು ಗಂಡಿಗೇ ಒತ್ತಡ ಜಾಸ್ತಿ ಎಂದು ಬರೆದುಬಿಟ್ಟ ವರದಿಗಳು ನಮ್ಮ ವಿಚಾರಸಂಕಿರಣಗಳಲ್ಲಿ ಈಗಲೂ ಬರುತ್ತಿವೆ.

ನಡುವೆ ಒಂದು ಪಕ್ಕದ ಪ್ರಯೋಗ 2014ರ ಒಂದು ವರದಿಯ ನೆನಪಿನಿಂದ ಹುಟ್ಟಿತು. ಗಂಡು ಪ್ರಯೋಗಕಾರರ ಮೈವಾಸನೆ, ಅವರು ರಾತ್ರಿ ತೊಟ್ಟ ಅಂಗಿಯ ವಾಸನೆ ಕೂಡ, ಇಲಿಗಳಲ್ಲಿ ಒತ್ತಡ ಹುಟ್ಟಿಸಿ ನೋವಿನ ಸಂವೇದನೆಯನ್ನು ತಗ್ಗಿಸುತ್ತದೆ ಎಂದು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ತೋರಿಸಿದ್ದರು. ನಮ್ಮಲ್ಲಿ ಪಾಳಿ ಮಾಡುತ್ತಿದ್ದವರೆಲ್ಲ ಹುಡುಗಿಯರು, ಭಾನುವಾರ ಮಾತ್ರ ಪ್ರಾಣಿಗೃಹದ ಅಟೆಂಡರ್ ಒಬ್ಬರೇ ಬರುತ್ತಿದ್ದರು. ಒತ್ತಡವಿಲ್ಲದ ದಿನಗಳ ಅಂಕಿಗಳನ್ನು ವಾರದ ದಿನಗಳ ಪ್ರಕಾರ ಬಿಡಿಸಿ ನೋಡಿದಾಗ ಭಾನುವಾರ ರಾತ್ರಿಯಿಂದ ಸೋಮವಾರ ಬೆಳಗಿನ ಮಾದರಿಗಳು ಶೇಕಡಾ ಇಪ್ಪತ್ತೈದರಷ್ಟು ಮೇಲಿದ್ದವು. ಅವರು ರಾತ್ರಿ ತೊಟ್ಟ ಬನಿಯನ್ನನ್ನು ಕೇಳಿ ಪಡೆದು ಪಂಜರದ ಪಕ್ಕ ಇಟ್ಟು ನೋಡಿದೆವು. ಅವರು ನಾಚಿಕೊಂಡೇ ಕೊಟ್ಟರು. ಏರಿಕೆ ಬಂತು, ಡೈಈಸ್ಟ್ರಸ್‌ನಲ್ಲಿ ಕಡಿಮೆ, ಪ್ರೊಈಸ್ಟ್ರಸ್‌ನಲ್ಲಿ ಹೆಚ್ಚು. ನಾಲ್ಕು ಪ್ರಾಣಿಗಳ ಮೇಲಷ್ಟೇ ಮಾಡಿದ್ದರಿಂದ ಇದನ್ನು ಎಲ್ಲೂ ಪ್ರಕಟಿಸುವುದಿಲ್ಲ. ಆದರೆ ಅಂದಿನಿಂದ ಅಟೆಂಡರ್ ಪ್ರತಿದಿನವೂ ಬಂದು ಸ್ವಲ್ಪ ಹೊತ್ತು ಇದ್ದು ಹೋಗುವಂತೆ ಮಾಡಿದೆವು. ಇಲಿಗಳು ಒಗ್ಗಿಕೊಂಡವು, ಭಾನುವಾರದ ಗುಡ್ಡ ಕರಗಿತು.

ಇನ್ನೊಂದು ಪಕ್ಕದ ಪ್ರಯೋಗ ಫಲಿಸಲಿಲ್ಲ. ಮಂಡ್ಯ ಕಡೆಯ ಸಂಬಂಧಿಕರೊಬ್ಬರು ಬಂಡೂರು ಕುರಿ ಸಾಕುತ್ತಾರೆ. ಬೀಜ ಒಡೆಸಿದ ಟಗರಿಗೂ ಇಡೀ ಟಗರಿಗೂ ಸಂತೆಗೆ ಲಾರಿಯಲ್ಲಿ ಸಾಗಿಸುವಾಗಿನ ಒತ್ತಡದಲ್ಲಿ ವ್ಯತ್ಯಾಸವಿದೆಯೇ ನೋಡೋಣವೆಂದು ಹಿಕ್ಕೆ ತರಿಸಿ ನಮ್ಮ ತಟ್ಟೆಯಲ್ಲೇ ಹಾಕಿದೆವು. ಏನೂ ಬರಲಿಲ್ಲ, ಬರಲೂಬಾರದು. ಕುರಿಯ ಒತ್ತಡದ ಹಾರ್ಮೋನು ಕಾರ್ಟಿಸಾಲ್, ಅದು ಒಡೆಯುವ ದಾರಿಯೇ ಬೇರೆ, ಅದಕ್ಕೆ ಬೇರೆ ಪ್ರತಿಕಾಯ ಬೇಕು. ಪ್ರಾಣಿ ಬದಲಾದರೆ ಅಳತೆಯನ್ನೂ ಬದಲಿಸಿ ಮೊದಲಿನಿಂದ ಸಾಬೀತುಪಡಿಸಬೇಕು. ಆ ಪ್ರತಿಕಾಯಕ್ಕೆ ಮತ್ತೊಂದು ಲಕ್ಷ ಹೊಂದಿಸುವ ಶಕ್ತಿ ಸದ್ಯಕ್ಕಿಲ್ಲದ ಕಾರಣ ಆ ಚೀಲಗಳು ಫ್ರೀಜರಿನ ತಳದಲ್ಲಿವೆ.

ಇದನ್ನು ಮಾಡಹೊರಡುವವರಿಗೆ ಖರ್ಚಿನ ಅಂದಾಜು ಹೇಳಬೇಕೆಂದರೆ, ಪಂಜರಗಳು, ಟೈಮರ್, ಪ್ರತಿಕಾಯ, ಪ್ರಾಣಿಗಳು, ರಾಸಾಯನಿಕಗಳು ಸೇರಿ ಎರಡೂವರೆ ಲಕ್ಷದೊಳಗೆ ಆರಂಭಿಸಬಹುದು. ನಮಗೆ ಹಾಳಾದದ್ದೂ ಸೇರಿ ನಾಲ್ಕರ ಹತ್ತಿರ ಆಗಿದೆ. ಪ್ಲೇಟ್ ರೀಡರ್ ನಿಮ್ಮಲ್ಲಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ ಗಂಟೆಯ ಲೆಕ್ಕದಲ್ಲಿ ಸಿಗುತ್ತದೆ. ಸಮಿತಿಯ ಅನುಮತಿ ಪತ್ರದಲ್ಲಿ ಬಂಧನದ ಅವಧಿಯನ್ನೂ ಪ್ರತಿ ಪ್ರಾಣಿಗೆ ಎಷ್ಟು ಬಾರಿ ಎಂಬುದನ್ನೂ ಮೊದಲೇ ನಮೂದಿಸಿಕೊಳ್ಳಿ, ನಡುವೆ ತಿದ್ದುಪಡಿಗೆ ಹೋದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕೊಳವೆಯಲ್ಲಿ ಬಂಧಿಸುವಾಗ ಬಾಲದ ಕಡೆಯ ಮುಚ್ಚಳವನ್ನು ಕೊನೆಯಲ್ಲಿ ಹಾಕಿ, ಪ್ರತಿ ಬಂಧನದ ನಂತರ ಕೊಳವೆಯನ್ನು ಮದ್ಯಸಾರದಿಂದ ಒರೆಸಿ ಒಣಗಿಸಿ, ಹಿಂದಿನ ಇಲಿಯ ವಾಸನೆ ಮುಂದಿನದಕ್ಕೆ ತಾಗದಿರಲಿ. ನಾಲ್ಕನೆಯ ತಂಡದಲ್ಲಿ ನಾವು ಸಂಜೆ ಆರರ ಬಂಧನವನ್ನು ತೆಗೆದುಕೊಳ್ಳುತ್ತಿದ್ದೇವೆ. ಹೆಣ್ಣುಗಳು ಈಗಾಗಲೇ ಜಾಲರಿಯ ಪಂಜರಕ್ಕೆ ಬಂದಿವೆ, ಸ್ಮಿಯರ್ ಶುರುವಾಗಿದೆ.